ಗೋಡೆಯ ನೆರಳು, ಗರಿಯ ನೆರಳು

ತಿಪಟೂರು
೧೦ ಜೂನ್ ೧೯೭೯

ಗಿರಿಜಾ,

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಮದುವೆಯ ದಿನದ ಮಾತು ಎತ್ತುವುದಕ್ಕೂ ಬರೆಯುತ್ತಿಲ್ಲ. ನನಗೊಂದು ಗಿಡ ಬೇಕು.

ನಮ್ಮ ಹಿತ್ತಲು ನಿನಗೆ ನೆನಪಿರಬೇಕು. ನೀನು ಕಾಲೇಜು ಮುಗಿಸಿ ಬಂದು ಅಲ್ಲಿನ ಒಗೆಯುವ ಕಲ್ಲಿನ ಮೇಲೆ ಕೂತು, ನಮ್ಮ ಅಮ್ಮಿ ಕಟ್ಟಿಕೊಟ್ಟ ಸೂಜಿಮಲ್ಲಿಗೆ ಮುಡಿದು ಹಾಸ್ಟೆಲಿಗೆ ಹೋಗುತ್ತಿದ್ದೆ. ಆ ಹಿತ್ತಲಿನ ಮೂಡಲ ಕಡೆ ಹೋದ ವರ್ಷ ಕೊಬ್ಬರಿ ಮಂಡಿಯವರು ಉಗ್ರಾಣ ಕಟ್ಟಿದರು. ಅವರ ಜಾಗದಲ್ಲಿ ಅವರು ಕಟ್ಟಿಕೊಂಡಿದ್ದಾರೆ, ತಪ್ಪು ಹೇಳುವಂತಿಲ್ಲ. ಆದರೆ ಗೋಡೆ ನಮ್ಮ ಮನೆಯ ಎರಡರಷ್ಟು ಎತ್ತರ. ಬೆಳಗಿನ ಬಿಸಿಲು ಅದರ ಆಚೆಗೇ ನಿಂತುಹೋಯಿತು. ಪಡುವಲಲ್ಲಿ ನಮ್ಮ ಮನೆ, ಅದರ ಮೇಲೆ ಪಕ್ಕದವರ ತೆಂಗಿನ ಮರಗಳು. ಮಲ್ಲಿಗೆ ಮೊದಲು ಹೂ ನಿಲ್ಲಿಸಿತು, ಆಮೇಲೆ ಎಲೆ ಉದುರಿಸಿತು. ಕಾರ್ತೀಕದ ಹೊತ್ತಿಗೆ ಒಣಕಡ್ಡಿ.

ಅಮ್ಮಿ ಆ ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕಿದಳು. ಹಿತ್ತಲ ಬಾಗಿಲು ಮುಚ್ಚಿ ಅಗಳಿ ಜಡಿದಳು. ಅಂದಿನಿಂದ ಅದನ್ನು ತೆಗೆದಿಲ್ಲ, ತೆಗೆಯಲು ಬಿಟ್ಟೂ ಇಲ್ಲ. ಅಬ್ಬಾನ ಹೊಲಿಗೆ ಅಂಗಡಿಗೆ ಗುಂಡಿಯ ಕಾಜ ಹಾಕಿಕೊಡುತ್ತಿದ್ದವಳು ಅದನ್ನೂ ಬಿಟ್ಟಳು. ಊಟ ಇಟ್ಟರೆ ಉಣ್ಣುತ್ತಾಳೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ, ಅಷ್ಟೆ. ನಿನ್ನೆ ನಾನು ಅಗಳಿಗೆ ಕೈ ಹಾಕಿದೆ. "ಬುಡು, ಆ ಕಡೆ ಏನೈತೆ ನೋಡಾಕೆ" ಅಂದಳು. ಅರಳಗುಪ್ಪೆಯಲ್ಲಿ ಬೆಳೆದವಳಲ್ಲವೇ, ಬೇಸರ ಹೆಚ್ಚಾದಾಗ ಅವಳಿಗೆ ಉರ್ದು ಬರುವುದಿಲ್ಲ.

ಗಿರಿಜಾ, ಅವಳು ಹೀಗೇ ಕೂತಲ್ಲೇ ಆರಿಹೋಗುತ್ತಾಳೆ ಅಂತ ನನಗೆ ಹೆದರಿಕೆ. ನೀನು ಈಗ ತೋಟದ ಮನೆಯ ಸೊಸೆ. ನೆರಳಿನಲ್ಲಿ ಬದುಕುವ ಗಿಡ ಯಾವುದೆಂದು ನಿನಗೆ ತಿಳಿದಿರಬೇಕು. ಆ ಬಾಗಿಲು ತೆಗೆಸುವಂಥದ್ದು ಒಂದನ್ನು ಹೇಳು.

ಅಮೀನಾ


ಹಂದನಕೆರೆ
೨೪ ಜೂನ್ ೧೯೭೯

ಪ್ರೀತಿಯ ಅಮೀನಾ,

ನಿನ್ನ ಕಾಗದವನ್ನು ತೋಟಕ್ಕೆ ಒಯ್ದು ಓದಿದೆ. ನೀನು ಎತ್ತದ ಮಾತನ್ನು ನಾನೂ ಎತ್ತುವುದಿಲ್ಲ. ಅಂದು ನೀನು ಹೊಲಿದು ತಂದು ಇಟ್ಟುಹೋದ ಹಸಿರು ರವಿಕೆ ಇನ್ನೂ ಸರಿಯಾಗಿ ಕೂರುತ್ತದೆ ಎಂದಷ್ಟೇ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಗಿಡಗಳ ವಿಷಯ ಏನೂ ಗೊತ್ತಿಲ್ಲ. ಕನ್ನಡ ಬಿ.ಎ. ಓದಿದವಳು ನಾನು; ಪದ್ಯದಲ್ಲಿ ಬರುವ ಹೂಗಳ ಹೆಸರು ಬರುತ್ತದೆ, ಅವು ಎಲ್ಲಿ ಬೆಳೆಯುತ್ತವೆಂದು ಬರುವುದಿಲ್ಲ. ಎರಡು ವರ್ಷದಿಂದ ಈ ತೋಟದಲ್ಲಿ ತಲೆ ತಗ್ಗಿಸಿಯೇ ಓಡಾಡಿದ್ದೇನೆ. ಹೊಸ ಸೊಸೆ ತಲೆಯೆತ್ತಿ ನಡೆದರೆ ಯಾರು ಏನು ಅಂದಾರೋ ಎಂಬ ಅಂಜಿಕೆ. ನಿನ್ನ ಪ್ರಶ್ನೆ ಕೈಯಲ್ಲಿದ್ದುದರಿಂದ ಆ ತಗ್ಗಿಸಿದ ತಲೆಗೆ ಮೊದಲ ಸಲ ನೆಲ ಕಂಡಿತು.

ಅಮೀನಾ, ತೆಂಗಿನ ತೋಟದ ನೆರಳು ನೆರಳೇ ಅಲ್ಲ. ಅದರ ತುಂಬ ಬೆಳಕು ಚೆಲ್ಲಿದೆ. ರೂಪಾಯಿ ನಾಣ್ಯದಷ್ಟು, ಕೆಲವು ಕಡೆ ಊಟದ ತಟ್ಟೆಯಷ್ಟು. ಗರಿಗಳ ಸಂದು ಸೀಳುಸೀಳಾಗಿದೆ, ದುಂಡಗಿಲ್ಲ. ಆದರೂ ಕೆಳಗೆ ಬೀಳುವ ಬೆಳಕು ಮಾತ್ರ ದುಂಡಗೇ ಇರುತ್ತದೆ. ಯಾಕೆಂದು ತಲೆ ಎತ್ತಿ ನೋಡಿದೆ, ತಿಳಿಯಲಿಲ್ಲ. ಒಂದು ಬಿಲ್ಲೆಯನ್ನೇ ಹಿಡಿದು ಕಾದು ಕೂತೆ. ಅದು ಒಂದು ಕನಕಾಂಬರದ ಮೇಲೆ ಬಂದು ನಿಂತಿತು. ಹೂ ಒಳಗಿನಿಂದ ಹೊತ್ತಿಕೊಂಡ ಹಾಗೆ ಕಂಡಿತು. ಆಮೇಲೆ ಸರಿದು ಅರಿಶಿನದ ಎಲೆಗೆ ಹೋಯಿತು, ಅಲ್ಲಿಂದ ಒಂದು ಹೆಸರಿಲ್ಲದ ಹುಲ್ಲಿಗೆ. ಪಂಕ್ತಿಯಲ್ಲಿ ಬಡಿಸಿಕೊಂಡು ಹೋದ ಹಾಗೆ. ಯಾರ ಎಲೆಯನ್ನೂ ಬಿಡಲಿಲ್ಲ.

ಈ ಮಾತು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟಿದ್ದೆ.

ನಮ್ಮ ಮರಗಳ ಕೆಳಗೆ ಕನಕಾಂಬರ ಅಷ್ಟು ಚೆನ್ನಾಗಿ ಬರುವಾಗ ನಿಮ್ಮ ಹಿತ್ತಲಲ್ಲೂ ಬರಬೇಕು. ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನಾಳೆಯ ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತಿದ್ದೇನೆ. ಇನ್ನೊಂದು ಕೆಲಸ ಮಾಡು. ನಿಮ್ಮ ಹಿತ್ತಲಲ್ಲಿ ಬಿಸಿಲು ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಗುರುತು ಹಾಕಿ ನನಗೆ ತಿಳಿಸು.

ನಿನ್ನ
ಗಿರಿಜಾಂಬಿಕಾ


ತಿಪಟೂರು
೧೯ ಆಗಸ್ಟ್ ೧೯೭೯

ಗಿರಿಜಾ,

ಕನಕಾಂಬರ ಕೊಳೆತುಹೋಯಿತು. ಒಂದೊಂದಾಗಿ ಬುಡ ಕಪ್ಪಾಗಿ ಮಲಗಿದವು. ನೀರು ಹೆಚ್ಚಾಯಿತೆಂದು ಕಡಿಮೆ ಮಾಡಿದೆ, ಆಗ ಇನ್ನೂ ಬೇಗ ಮಲಗಿದವು.

ಬಾಗಿಲು ತೆಗೆಯುವ ಹಾಗಿಲ್ಲವಲ್ಲ, ಪಕ್ಕದ ಓಣಿಯಿಂದ ಸುತ್ತಿ ಹಿತ್ತಲಿಗೆ ಹೋಗುತ್ತೇನೆ. ನೀನು ಹೇಳಿದ ಗುರುತೂ ಹಾಕಿದೆ. ಬಟ್ಟೆಗೆ ಗೀಟು ಹಾಕುವ ಬಿಲ್ಲೆಸೀಮೆಸುಣ್ಣ ಇದೆಯಲ್ಲ, ಅದರಲ್ಲೇ. ಮೊದಲ ದಿನ ನೆಲದ ಮೇಲೆ ಹಾಕಲು ಬಗ್ಗಿದೆ; ಹಾಕುವುದಕ್ಕೆ ಬಿಸಿಲೇ ಬರಲಿಲ್ಲ. ನೆತ್ತಿಯ ಬಿಸಿಲಿಗೂ ಎರಡು ಕಡೆಯ ಸೂರು ಅಡ್ಡ; ಬೆಳಗಿನಿಂದ ಸಂಜೆಯವರೆಗೆ ಒಂದು ಚೂರೂ ನೆಲಕ್ಕೆ ಇಳಿಯುವುದಿಲ್ಲ. ಮಧ್ಯಾಹ್ನದ ಮೇಲೆ ಮಾತ್ರ ತೆಂಗಿನ ಗರಿಗಳ ನಡುವಿನಿಂದ ಮಂಡಿಯ ಗೋಡೆಯ ಮೇಲ್ಭಾಗಕ್ಕೆ ಬಂದು, ಅಲ್ಲೇ ಆಡಿಕೊಂಡು, ಅಲ್ಲಿಂದಲೇ ಹೊರಟುಹೋಗುತ್ತದೆ. ಏಣಿ ಹತ್ತಿ ಗೋಡೆಗೆ ಗೀಟು ಹಾಕಿದೆ. ಅಬ್ಬಾ ನೋಡಿ, "ಇದೇನು, ಮಂಡಿಗೆ ಷರಾಯಿ ಹೊಲೀತೀಯಾ?" ಅಂದರು.

ಕೊನೆಯ ಸಸಿಯನ್ನು ಕಿತ್ತು ಓಣಿಯಲ್ಲಿ ಬರುವಾಗ ಒಳಗಿನಿಂದ ಅಮ್ಮಿಯ ದನಿ ಬಂತು.

"ಸತ್ತೋಯ್ತಾ?"

"ಹೂಂ ಅಮ್ಮಿ."

"ಅದಕ್ಕೂ ನೋವು ಕೊಟ್ಟೆ, ನಿಂಗೂ ನೋವು ಮಾಡ್ಕಂಡೆ. ಇನ್ನ ತರಬ್ಯಾಡ."

ನನಗೂ ಸಾಕೆನಿಸಿದೆ. ನೀನು ಕಷ್ಟಪಟ್ಟು ಕಳಿಸಿದೆ, ಅದಕ್ಕೆ ತಿಳಿಸಿದ್ದೇನೆ.

ಅಮೀನಾ


ಹಂದನಕೆರೆ
೧೧ ಸೆಪ್ಟೆಂಬರ್ ೧೯೭೯

ಪ್ರೀತಿಯ ಅಮೀನಾ,

ಸಾಕೆನ್ನಬೇಡ. ತಪ್ಪು ಹಿತ್ತಲಿನದಲ್ಲ. ತೆಂಗಿನ ಮರದ ಕೆಳಗೆ ಹುಟ್ಟಿ ಬೆಳೆದ ನಮ್ಮಂಥವರಿಗೆ ನೆರಳೆಂದರೆ ಒಂದೇ, ಗರಿಯ ನೆರಳು. ಅದು ನಡೆದಾಡುತ್ತದೆ. ನಿಮ್ಮ ಗೋಡೆಯ ನೆರಳು ಬಂದು ಕೂತಿದೆ, ಏಳುವುದೇ ಇಲ್ಲ. ಕನಕಾಂಬರಕ್ಕೆ ಆಗಾಗ ಒಂದು ಬಿಲ್ಲೆ ಬಿಸಿಲು ಬೇಕು, ಮಣ್ಣು ಆರಬೇಕು. ಗೋಡೆಯ ನೆರಳಿನ ಗಿಡಗಳೇ ಬೇರೆ ಇರಬೇಕು. ಅವನ್ನು ಎಲ್ಲಿ ಹುಡುಕಲಿ? ನಮ್ಮ ಊರಿನಲ್ಲಿ ಅಷ್ಟು ಎತ್ತರದ ಗೋಡೆ ಯಾವುದಿದೆ?

ಇದೆ. ನಮ್ಮ ತೋಟದ ಬಾವಿ. ಅದು ನೆಲದೊಳಕ್ಕೆ ಇಳಿದಿರುವ ಗೋಡೆ, ಅಷ್ಟೇ.

ಮೊನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಬಾವಿಕಟ್ಟೆಯ ಮೇಲೆ ಬೋರಲು ಮಲಗಿ ಕತ್ತು ಚಾಚಿ ಒಳಗೆ ನೋಡಿದೆ. ಮೇಲಿನ ಕಲ್ಲುಗಳಲ್ಲಿ ಹುಲ್ಲು. ಸ್ವಲ್ಪ ಕೆಳಗೆ ಒಂದೆಲಗ, ಪುಟ್ಟ ಪುಟ್ಟ ಎಲೆ. ಅದಕ್ಕೂ ಕೆಳಗೆ, ಬಿಸಿಲು ಇಳಿಯದ ಕಡೆ, ಕಲ್ಲಿನ ಸಂದು ಸಂದಿನಲ್ಲಿ ಜರಿಗಿಡ. ಹಕ್ಕಿಯ ಪುಕ್ಕದಷ್ಟು ತೆಳುವಾದದ್ದು, ಸುರುಳಿ ಬಿಚ್ಚುತ್ತಿರುವುದು, ಬೀಜವೋ ಏನೋ ಎಲೆಯ ಬೆನ್ನಿಗೆ ಚುಕ್ಕಿ ಚುಕ್ಕಿ ಅಂಟಿಸಿಕೊಂಡಿರುವುದು. ಯಾರೂ ನೆಡದೆ, ಯಾರೂ ನೋಡದೆ, ಆ ಕತ್ತಲಿನಲ್ಲಿ ಇಷ್ಟು ನಾಜೂಕಾಗಿ ಯಾರಿಗಾಗಿ ಇವು ಬೆಳೆದಿವೆ ಎಂದು ನೋಡುತ್ತಲೇ ಇದ್ದೆ. ಕಟ್ಟೆಯ ಪಕ್ಕದ ನುಗ್ಗೆಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ ಇದೆ. ಅದರ ಒಂದು ಕವಲು ಬಾವಿಯೊಳಗೆ ಇಳಿದು ಕಲ್ಲಿಗೆ ಕಚ್ಚಿಕೊಂಡಿತ್ತು. ಬಿಸಿಲಿನಲ್ಲಿರುವ ಎಲೆಗಳು ಸಣ್ಣವು, ಹಳದಿ. ಬಾವಿಯೊಳಗಿನವು ಕಪ್ಪುಹಸಿರು, ಅಂಗೈಗಿಂತ ಅಗಲ. ಇನ್ನೂ ಸ್ವಲ್ಪ ಬಗ್ಗಿದೆ.

ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ನಮ್ಮ ಅತ್ತೆ ಹೊಂಬಾಳಮ್ಮ.

"ಅಯ್ಯೋ ನನ್ನವ್ವ, ಏನ್ ಕಮ್ಮಿ ಮಾಡಿದ್ವೇ ನಿಂಗೆ? ಒಂದ್ ಮಾತು ಬಾಯ್ಬಿಟ್ಟು ಹೇಳಬಾರ್ದಾ?"

ಜಡೆಯನ್ನು ಇನ್ನೂ ಬಿಟ್ಟಿರಲಿಲ್ಲ. ನಾನು ಬೀಳಲು ಬಂದಿದ್ದೇನೆಂದು ತಿಳಿದಿದ್ದರು.

"ಇಲ್ಲ ಅತ್ತೆ, ಗಿಡ ನೋಡ್ತಿದ್ದೆ."

"ಬಾವಿ ಒಳಗೆ ಗಿಡ ನೋಡೋರು ಯಾರೇ?"

ಆಗ ಎಲ್ಲ ಹೇಳಿದೆ. ನಿನ್ನ ವಿಷಯ, ನಿಮ್ಮ ಅಮ್ಮಿ ಜೈನಾಬ್ ಬೀ ಅಗಳಿ ಹಾಕಿ ಕೂತಿರುವ ವಿಷಯ, ಸತ್ತ ಕನಕಾಂಬರ, ಎಲ್ಲ. ಈ ಎರಡು ವರ್ಷದಲ್ಲಿ ಅತ್ತೆಯ ಜೊತೆ ಅಷ್ಟು ಮಾತಾಡಿರಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಾವೂ ಕಟ್ಟೆಯ ಮೇಲೆ ಬೋರಲು ಮಲಗಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಇಲ್ಲೇ ನೀರು ಸೇದ್ತಾ ಸೇದ್ತಾ ಮುದುಕಿ ಆದೆ ಕಣೇ. ಒಂದ್ ದಿನಾನೂ ಗೋಡೆ ನೋಡಿರ್ಲಿಲ್ಲ" ಅಂದರು.

ಹಾಗೆ ಒಬ್ಬರ ಪಕ್ಕ ಒಬ್ಬರು ಮಲಗಿಯೇ ನಿಮ್ಮ ಹಿತ್ತಲಿಗೆ ಗಿಡ ಆರಿಸಿದೆವು. ಗೋಡೆಯ ಬುಡಕ್ಕೆ ಜರಿ. ಬಚ್ಚಲ ನೀರು ಹರಿಯುವ ಕಡೆ ಕೆಸು ಮತ್ತು ಒಂದೆಲಗ. ಎಲೆಬಳ್ಳಿಯ ಮಾತು ಬಂದಾಗ ಅತ್ತೆ ಎದ್ದು ಕೂತರು. "ಅದನ್ನ ಕಂಡಕ್ಟರ ಕೈಲಿ ಕಳಿಸೋ ಹಂಗಿಲ್ಲ. ಎಲೆಬಳ್ಳಿನ ಕೈಯಿಂದ ಕೈಗೆ ಕೊಡಬಾರ್ದು. ನೆಲದ ಮೇಲೆ ಇಟ್ಟು ಬೆನ್ನು ತಿರುಗಿಸಬೇಕು. ಬೇಕಾದೋರು ಎತ್ತಿಕೊಬೇಕು. ಉಪಕಾರ ಅಂತ ಇಬ್ರೂ ಅನ್ನಬಾರ್ದು. ಅಂದ್ರೆ ಅದು ಮುನಿಸ್ಕೊಳ್ತದೆ." ಕೊಬ್ಬರಿ ಹಾಕಲು ನಮ್ಮವರು ತಿಪಟೂರಿಗೆ ಬರುವಾಗ ಅತ್ತೆಯೇ ಬರುತ್ತಾರಂತೆ.

ಬಾವಿಯ ಆ ಗಿಡಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿನ್ನ
ಗಿರಿಜಾಂಬಿಕಾ


ತಿಪಟೂರು
೪ ನವೆಂಬರ್ ೧೯೭೯

ಗಿರಿಜಾ,

ನಿಮ್ಮ ಅತ್ತೆ ಬಂದಿದ್ದರು. ಮುಂಬಾಗಿಲಿಗೆ ಬರಲಿಲ್ಲ. ಓಣಿಯಿಂದ ನೇರ ಹಿತ್ತಲಿಗೆ ಬಂದು, ಬುಟ್ಟಿ ಇಳಿಸಿ, ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿ, "ಬಾವಿ ಒಳಗೆ ನಿಂತಂಗೇ ಐತಲ್ಲೇ" ಅಂದರು. ಜರಿಯನ್ನು ತಾವೇ ನೆಟ್ಟರು, ಕೆಸು ಒಂದೆಲಗ ನನ್ನ ಕೈಲಿ ನೆಡಿಸಿದರು. ಗುಂಡಿಗೆ ತೆಂಗಿನ ಸಿಪ್ಪೆ ಹಾಕಿಸಿದರು, ತೇವ ಹಿಡಿದಿರಲಿ ಅಂತ. ಆಮೇಲೆ ಮುಚ್ಚಿದ ಬಾಗಿಲ ಮುಂದೆ ನಿಂತರು.

"ಯಾರವ್ವಾ ಒಳಗೆ?"

ಬಾಗಿಲಿಗೆ ಇನ್ನೂ ಹತ್ತಿರ ಸರಿದರು.

"ಅರಳಗುಪ್ಪೆಯೋರಂತಲ್ಲ?"

"ಹೂಂ."

"ಅರಳಗುಪ್ಪೆ ಕಡೆ ಬಾಗಿಲು ಹಾಕ್ಕಂಡೇ ಮಾತಾಡ್ತಾರಾ?"

ಒಳಗಿನಿಂದ ನಗುವಿನಂಥ ಒಂದು ಸದ್ದು ಬಂತು. ಕೆಮ್ಮೂ ಇರಬಹುದು, ನಾನು ಆಸೆ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಅತ್ತೆ ಬಳ್ಳಿಯ ತುಂಡುಗಳನ್ನು ಹೊಸ್ತಿಲ ಬಳಿ ನೆಲದ ಮೇಲಿಟ್ಟು ಬೆನ್ನು ತಿರುಗಿಸಿದರು. ಅಮ್ಮಿಯೇ ಬಂದು ಎತ್ತಿಕೊಳ್ಳಲಿ ಎಂದು ಅವರ ಮನಸ್ಸಿನಲ್ಲಿತ್ತು ಅನಿಸುತ್ತದೆ. ಸ್ವಲ್ಪ ಹೊತ್ತು ಇಬ್ಬರೂ ಕಾದೆವು. ಅಗಳಿ ಅಲುಗಾಡಲಿಲ್ಲ. ಕೊನೆಗೆ ನಾನೇ ಎತ್ತಿಕೊಂಡೆ. ಥ್ಯಾಂಕ್ಸ್ ಅನ್ನಲು ಬಾಯಿ ತೆರೆದೆ, ನೆನಪಾಗಿ ಮುಚ್ಚಿದೆ.

ಚಹಾ ತಂದುಕೊಟ್ಟೆ. ತರುವಾಗ ನನ್ನ ಕೈ ಹಿಂದೆ ಮುಂದೆ ನೋಡಿತು, ಸುಳ್ಳು ಹೇಳುವುದಿಲ್ಲ. ಅವರು ಲೋಟ ಇಸಕೊಂಡು ಅದನ್ನೇ ಒಂದು ಗಳಿಗೆ ದಿಟ್ಟಿಸಿದರು. ಕುಡಿದರು. "ಸಕ್ಕರೆ ಸಾಲದು ಕಣವ್ವ" ಅಂದರು. ಒಳಗೆ ಹೋಗಿ ಸಕ್ಕರೆ ತಂದು ಹಾಕಿದೆ. ಅದನ್ನೂ ಕುಡಿದರು.

ಬಳ್ಳಿಯನ್ನು ಬಚ್ಚಲ ಪಕ್ಕ ನೆಟ್ಟು, ನಾರಿನ ಹಗ್ಗ ಕಟ್ಟಿ ಮಂಡಿಯ ಗೋಡೆಯ ಕಡೆಗೆ ತಿರುಗಿಸಿದ್ದೇನೆ.

ಅಮೀನಾ


ಹಂದನಕೆರೆ
೨೦ ಜನವರಿ ೧೯೮೦

ಪ್ರೀತಿಯ ಅಮೀನಾ,

ಎರಡು ಕಾಗದ ಬರೆದೆ, ನಿನ್ನಿಂದ ಉತ್ತರವಿಲ್ಲ. ಬಳ್ಳಿ ಹೋಯಿತೋ, ಅಮ್ಮಿಗೆ ಹುಷಾರಿಲ್ಲವೋ ಎಂದು ಏನೇನೋ ಯೋಚನೆ. ಒಂದು ಸಾಲು ಬರೆ.

ನನಗೆ ನಾಲ್ಕನೆಯ ತಿಂಗಳು ಬರುತ್ತಿದೆ. ಹೆರಿಗೆಗೆ ತವರಿಗೆ, ಮಾಯಸಂದ್ರಕ್ಕೆ ಹೋಗುತ್ತೇನೆ. ಇದನ್ನು ನಿನಗೆ ಬರೆಯಬೇಕೆಂದು ಎಷ್ಟು ದಿನದಿಂದ ಇತ್ತು.

ಬರುವ ತಿಂಗಳು ಹದಿನಾರನೇ ತಾರೀಖು, ಶನಿವಾರ ಅಮಾವಾಸ್ಯೆ, ಮಧ್ಯಾಹ್ನದ ಮೇಲೆ ದೊಡ್ಡ ಸೂರ್ಯಗ್ರಹಣವಂತೆ. ಉತ್ತರದ ಕಡೆ ಪೂರ್ತಿ ಕತ್ತಲಾಗುತ್ತದೆ, ನಮ್ಮಲ್ಲಿ ಒಂದು ಚೂರು ಉಳಿಯುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ಬಸುರಿಯ ಮೇಲೆ ಗ್ರಹಣದ ಬೆಳಕು ಬೀಳಬಾರದೆಂದು ನನ್ನನ್ನು ಕೋಣೆಯಲ್ಲಿ ಕೂಡುತ್ತಾರೆ. ಬೇರೆ ಏನಕ್ಕೂ ಬೇಸರವಿಲ್ಲ. ಆ ಹೊತ್ತಿನಲ್ಲಿ ತೋಟದ ನೆರಳಿಗೆ ಏನಾಗುತ್ತದೋ ನೋಡಬೇಕಿತ್ತು. ನೀನಾದರೂ ನೋಡು. ಸೂರ್ಯನನ್ನು ನೋಡಬೇಡ, ಕಣ್ಣು ಹೋಗುತ್ತದೆ. ಗೋಡೆಯ ಮೇಲಿನ ಬೆಳಕನ್ನು ನೋಡು. ನಿನ್ನ ಸೀಮೆಸುಣ್ಣದಲ್ಲಿ ಗುರುತು ಹಾಕು.

ಕಾಯುತ್ತಿರುವ
ಗಿರಿಜಾಂಬಿಕಾ


ಹಂದನಕೆರೆ
೧೭ ಫೆಬ್ರವರಿ ೧೯೮೦

ಪ್ರೀತಿಯ ಅಮೀನಾ,

ನಿನ್ನೆಯದನ್ನು ಬರೆಯದೆ ಇರಲಾರೆ. ನಿನ್ನ ಉತ್ತರ ಬಾರದಿದ್ದರೂ ಸರಿ.

ಮಧ್ಯಾಹ್ನವೇ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಕಿಟಕಿಗೆ ಕಂಬಳಿ ಕಟ್ಟಿದರು. ಅತ್ತೆ ಬಾಗಿಲು ಹಾಕಿಕೊಂಡು ನನ್ನ ಜೊತೆಯಲ್ಲೇ ಕೂತರು. ಆ ಕೋಣೆಯ ಮಾಡಿಗೆ ಹಳೆಯ ನಾಡಹೆಂಚು. ಸಂದುಗಳಿಂದ ಬಿಸಿಲಿನ ಬಿಲ್ಲೆಗಳು ಮೂಡಲ ಗೋಡೆಯ ಮೇಲೆ ಯಾವಾಗಲೂ ಬೀಳುತ್ತವೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಅವನ್ನೇ ನೋಡುತ್ತಿದ್ದೆ. ಒಂದು ಬಿಲ್ಲೆಯ ಅಂಚು ಯಾರೋ ಕಚ್ಚಿದ ಹಾಗೆ ಕಂಡಿತು. ಪಕ್ಕದ್ದಕ್ಕೂ ಅದೇ ಕಡೆ ಅದೇ ಕಚ್ಚು. ಎಲ್ಲದಕ್ಕೂ. ನೋಡುತ್ತಿದ್ದ ಹಾಗೆ ಗೋಡೆಯ ತುಂಬ ಎಳೆಚಂದ್ರಗಳು.

ಆಗ ತಿಳಿಯಿತು, ಅಮೀನಾ. ಗರಿಯ ಸಂದು ಸೀಳಾಗಿದ್ದರೂ ಬೆಳಕು ಯಾಕೆ ದುಂಡಗೆ ಬೀಳುತ್ತಿತ್ತೆಂದು. ಅದು ಸಂದಿನ ಆಕಾರವಲ್ಲ. ಸೂರ್ಯನ ಆಕಾರ. ಇಷ್ಟು ದಿನ ನಾನು ಬಿಲ್ಲೆ ಬಿಲ್ಲೆ ಎಂದು ಕರೆದದ್ದು ಒಂದೊಂದೂ ಪೂರ್ತಿ ಸೂರ್ಯ. ಕನಕಾಂಬರದ ಮೇಲೆ ಬಂದು ನಿಂತದ್ದು ಅವನೇ, ಆ ಹೆಸರಿಲ್ಲದ ಹುಲ್ಲಿನ ಬಳಿಗೆ ಹೋದವನೂ ಅವನೇ.

ಅತ್ತೆ "ಬೆಳಕು ಬೀಳ್ತದೆ, ಸರಿ ಈಚೆಗೆ" ಎಂದು ನನ್ನನ್ನು ಎಳೆಯಲು ಬಂದವರು ಹಾಗೇ ನಿಂತರು. ಒಂದು ಚಂದ್ರ ಅವರ ಕೈಯ ಮೇಲೆ ಬಿದ್ದಿತ್ತು. ಕೈ ತಿರುಗಿಸಿದರು, ಅಂಗೈಗೆ ಬಂತು. "ಬರಬ್ಯಾಡ ಅಂದ್ರೆ ಮನೆ ಒಳಕ್ಕೇ ಬಂದವ್ನಲ್ಲೇ" ಅಂದರು, ಬಹಳ ಮೆಲ್ಲಗೆ. ಮತ್ತೆ ನನ್ನನ್ನು ಎಳೆಯಲಿಲ್ಲ. ಕೋಳಿಗಳು ಹೊತ್ತಲ್ಲದ ಹೊತ್ತಿನಲ್ಲಿ ಗೂಡಿಗೆ ಬರುವ ಸದ್ದು ಕೇಳಿಸಿತು. ಇಬ್ಬರೂ ಹಾಗೇ ಕೂತಿದ್ದೆವು.

ನಿಮ್ಮ ಗೋಡೆಯ ಮೇಲೆ ಏನು ಬಂತು? ಅಮ್ಮಿ ಹೇಗಿದ್ದಾರೆ? ಇವತ್ತಾದರೂ ಬರೆ.

ನಿನ್ನ
ಗಿರಿಜಾ


ತಿಪಟೂರು
೧೭ ಫೆಬ್ರವರಿ ೧೯೮೦

ಪ್ರೀತಿಯ ಗಿರಿಜಾ,

ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ಬಳ್ಳಿ ನನ್ನ ಮಾತು ಕೇಳಿರಲಿಲ್ಲ. ಗೋಡೆಯ ಕಡೆಗೆ ತಿರುಗಿಸಿದಷ್ಟೂ ಮನೆಯ ಕಡೆಗೇ ತಿರುಗಿತು. ಸಂಕ್ರಾಂತಿಯ ಹೊತ್ತಿಗೆ ಅದರ ಕುಡಿ ಹಿತ್ತಲ ಬಾಗಿಲ ಚೌಕಟ್ಟಿನ ಸಂದಿನಿಂದ ಒಳಗೆ ಹೋಗಿತ್ತು. ಅಮ್ಮಿ ಅದನ್ನು ಚಿವುಟಿ ಎಸೆಯುತ್ತಾಳೆಂದು ದಿನವೂ ಕಾದೆ. ಎಸೆಯಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಒಳಗಿನ ಕುಡಿಗೆ ಕಾಜದ ದಾರದಿಂದ ಸಡಿಲವಾಗಿ ಗಂಟು ಹಾಕಿ ಮೊಳೆಗೆ ಕಟ್ಟಿದ್ದಳು. ಬರೆದರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನೆ ಊರೆಲ್ಲ ಬಾಗಿಲು ಹಾಕಿತ್ತು. ಬೀದಿಯಲ್ಲಿ ನಾಯಿ ಸಹ ಇರಲಿಲ್ಲ. ಅಬ್ಬಾ ನಮಾಜಿಗೆ ಹೋಗಿದ್ದರು, ಅಮ್ಮಿ ಒಳಗೆ ಚಾಪೆ ಹಾಸಿ ಕೂತಿದ್ದಳು. ನಾನು ಸೀಮೆಸುಣ್ಣ ತೆಗೆದುಕೊಂಡು ಓಣಿಯಿಂದ ಹಿತ್ತಲಿಗೆ ಹೋದೆ. ಏಣಿ ಹತ್ತಿ ನಿಂತು, ಗೋಡೆಯ ಮೇಲೆ ಬಂದದ್ದನ್ನು ಕಂಡು, ಗುರುತು ಹಾಕುವುದನ್ನೇ ಮರೆತೆ.

ಒಳಗೆ ಅಮ್ಮಿ ಕೂಗುತ್ತಿದ್ದಳು. "ಅಮೀನಾ. ಎಲ್ಲಿ ಹೋದ್ಯೇ, ಗ್ರಹಣದ ಹೊತ್ತಲ್ಲಿ?" ನಾನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಮೊದಲು ಮುಂದಿನ ಕೋಣೆಯಲ್ಲಿ ಕೂಗಿದಳು, ಆಮೇಲೆ ಬಚ್ಚಲಲ್ಲಿ. ಆಮೇಲೆ ಅಗಳಿ ಬಡಿಯುವ ಸದ್ದು. ತುಕ್ಕು ಹಿಡಿದಿತ್ತು, ಒನಕೆಯಿಂದ ಬಡಿದಳಂತೆ. ಅಗಳಿ ಸರಿಯಿತು. ಆದರೆ ಬಾಗಿಲು ತೆರೆಯಲಿಲ್ಲ. ಯಾಕೆಂದು ಏಣಿ ಇಳಿದು ಬಾಗಿಲ ಸಂದಿನಲ್ಲಿ ಇಣುಕಿದೆ. ಬಳ್ಳಿಯ ಕುಡಿ ಹರಿಯಬಾರದೆಂದು ಅಮ್ಮಿ ಗಂಟು ಬಿಚ್ಚಿ, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಬಾಗಿಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆಯುತ್ತಿದ್ದಳು. ನನ್ನ ಮೇಲಿನ ಸಿಟ್ಟೆಲ್ಲ ಆ ನಿಧಾನದಲ್ಲಿ ಕಳೆದುಹೋಗಿರಬೇಕು.

ಹೊಸ್ತಿಲಲ್ಲಿ ನಿಂತು ನೋಡಿದಳು. ಅವಳ ಮಲ್ಲಿಗೆಯನ್ನು ಕೊಂದ ಗೋಡೆಯ ತುಂಬ ಚಂದ್ರಗಳು, ಗಿರಿಜಾ. ಗರಿ ಅಲುಗಿದರೆ ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದವು. ಬುಡದಲ್ಲಿ ಜರಿಗಿಡ ಮೊಳಕಾಲುದ್ದ ಆಗಿದೆ, ಕೆಸು ಮೊರದಗಲ ಎಲೆ ಬಿಟ್ಟಿದೆ. ಅವಳು ಅದನ್ನೆಲ್ಲ ಒಮ್ಮೆಯೂ ನೋಡಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದಳು.

"ಈದಿಗೆ ಒಂದು ಚಂದ್ರ ಕಾಣ್ಲಿ ಅಂತ ಮಾಳಿಗೆ ಹತ್ತಿ ಕಾಯ್ತಿದ್ವಲ್ಲೇ" ಅಂದಳು. ಆಮೇಲೆ ಬೆಳಕು ಮತ್ತೆ ದುಂಡಗಾಗುವವರೆಗೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ನೀನು ಕೂರುತ್ತಿದ್ದ ಜಾಗದಲ್ಲಿ. ಏಳುವಾಗ ಕೆಸುವಿನ ಬುಡದ ಕಳೆ ಕಿತ್ತಳು. "ಇಷ್ಟು ಒತ್ತಾಗಿ ನೆಡ್ತಾರಾ ಯಾರಾದ್ರೂ?" ಎಂದು ನನ್ನನ್ನು ಬೈದಳು. ಬೈಸಿಕೊಂಡು ಎಷ್ಟು ದಿನವಾಗಿತ್ತು.

ಬೆಳಕು ದುಂಡಗಾಗುವ ಮೊದಲು ನೆನಪಾಗಿ ನಾನು ಒಂದೇ ಒಂದು ಚಂದ್ರಕ್ಕೆ ಗೀಟು ಹಾಕಿದೆ. ಇವತ್ತೂ ಇದೆ. ಮಂಡಿಯವರು ಸುಣ್ಣ ಬಳಿಯುವವರೆಗೆ ಇರುತ್ತದೆ.

ಇವತ್ತು ಬೆಳಿಗ್ಗೆ ನಿನ್ನ ಬಸಿರಿನ ಸುದ್ದಿ ಅಮ್ಮಿಗೆ ಹೇಳಿದೆ. ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿದಳು. ಬಾಣಂತಿಗೆ ಎಳೆಯ ಎಲೆ ಬೇಕು, ಮೊದಲ ಕೊಯ್ಲು ಗಿರಿಜಾಗೇ ಹೋಗಲಿ, ಅಲ್ಲಿಯವರೆಗೆ ಯಾರೂ ಒಂದೆಲೆ ಮುಟ್ಟಕೂಡದು ಎಂದು ಹೇಳಿದ್ದಾಳೆ. ಅಬ್ಬಾ ಮಧ್ಯಾಹ್ನ ಊಟವಾದ ಮೇಲೆ ಬಳ್ಳಿಯ ಕಡೆ ನೋಡಿ ಬರೀ ಅಡಿಕೆ ಬಾಯಿಗೆ ಹಾಕಿಕೊಂಡರು.

ಆದ್ದರಿಂದ ಆಷಾಢದ ಹೊತ್ತಿಗೆ ಎಲೆ ತೆಗೆದುಕೊಂಡು ಮಾಯಸಂದ್ರಕ್ಕೆ ಬರುತ್ತೇನೆ. ಅದೇ ನಿನ್ನ ತವರುಮನೆಗೆ. ನಿನ್ನ ಮದುವೆಯ ದಿನ ಎಲ್ಲರೂ ಪಂಕ್ತಿಯಲ್ಲಿ ಕೂತಾಗ ನನಗೆ ಹಿತ್ತಲಲ್ಲಿ ಬೇರೆ ಎಲೆ ಹಾಕಿದ್ದರು. ಹಾಕಿದ್ದು ಯಾರೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ನಿನ್ನ ಕೋಣೆಯ ಹೊಸ್ತಿಲಲ್ಲಿ ಎಲೆಯ ಕಟ್ಟು ಇಟ್ಟು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಎತ್ತಿಕೊಂಡ ಮೇಲೆ ಕರೆ. ಈ ಸಲ ಉಣ್ಣದೆ ಹೋಗುವುದಿಲ್ಲ. ನಿನ್ನ ಪಕ್ಕದಲ್ಲೇ ಎಲೆ ಹಾಕಿಸು.

ಹಿತ್ತಲ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಅದು ತೆರೆದೇ ಇದೆ.

ನಿನ್ನ
ಅಮೀನಾ